ಮುರಿದು ಹೋದದ್ದಕ್ಕೆ ನೂರು

ಬಿಸಿಲು ನಮ್ಮೂರಿಗೆ ಹತ್ತೂವರೆಗೆ ಬರುತ್ತದೆ, ಎರಡಕ್ಕೆಲ್ಲ ಹೊರಟೇಬಿಡುತ್ತದೆ.
ಅಷ್ಟರೊಳಗೆ ಏನು ಬೆಳೆಯುತ್ತೀರಿ, ಹೇಳಿ.
ಬಿತ್ತಿದ ಕಾಳು ಇಳಿಜಾರಲ್ಲಿ ಉರುಳಿ ಹೊಳೆ ಸೇರುತ್ತಿತ್ತಂತೆ.
ಈ ಕಣಿವೆಯಲ್ಲಿ ಮೊಳೆತದ್ದು
ಮೊಳೆಯೊಂದೇ.

ಮೊದಲು ಅದಿರು. ಆಮೇಲೆ ಇದ್ದಿಲು:
ಬೀಚ್ ಮರ ಕಡಿದು, ಗುಡ್ಡೆ ಪೇರಿಸಿ, ಮೇಲೆ ಹಸಿಮಣ್ಣು ಮೆತ್ತಿ
ಹದಿನೈದು ದಿನ ಒಳಗೊಳಗೇ ಬೇಯಲು ಬಿಟ್ಟು
ಪಕ್ಕದಲ್ಲೇ ಮಲಗುತ್ತಿದ್ದರು ಗಂಡಸರು,
ಹೊಗೆಯ ಬಣ್ಣದ ಮೇಲೆ ಒಂದು ಕಣ್ಣಿಟ್ಟು.
ಹೊಳೆ ಚಿಕ್ಕದು, ಬಾಯಿ ದೊಡ್ಡದು.
ಅದರ ಮೈಮೇಲೆ ಹದಿನೇಳು ಚಕ್ರ.

ಮುತ್ತಜ್ಜಿ ನೇಷ್ಕಾ ಕುಲುಮೆಗೆ ಹೋದದ್ದು ಏಳನೇ ವಯಸ್ಸಿಗೆ.
ಒಂದು ಒಲೆ, ಸುತ್ತ ಆರು ಜನ, ತಲೆಗೊಂದು ಅಡೆಗಲ್ಲು.
ಕಾಸು, ಬಡಿ, ತುದಿ ತೆಗೆ, ಕತ್ತರಿಸು, ತಲೆ ಕೂರಿಸು.
ಕಾಸು, ಬಡಿ.
ಹೆತ್ತ ಹನ್ನೊಂದನೆಯ ದಿನ ಮತ್ತೆ ಬಂದು
ತೊಟ್ಟಿಲ ಹಗ್ಗವನ್ನು ತಿದಿಯ ತೋಳಿಗೆ ಕಟ್ಟಿದಳು;
ಹೊಳೆ ಚಕ್ರ ತಿರುಗಿಸಿತು, ಚಕ್ರ ತಿದಿ ಒತ್ತಿತು, ತಿದಿ ಮಗು ತೂಗಿತು.
ಆ ಮಗು, ನನ್ನಜ್ಜ ಲೋವ್ರೊ,
ಸದ್ದಿಲ್ಲದ ಕೋಣೆಯಲ್ಲಿ ಸಾಯುವವರೆಗೂ ನಿದ್ದೆ ಮಾಡಲಿಲ್ಲ.

ಮೊಳೆ ಹೇಸರಗತ್ತೆಯ ಬೆನ್ನೇರಿ ಕಣಿವೆ ಇಳಿಯುತ್ತಿತ್ತು,
ಯಾವುದೋ ಬಂದರಿಗೆ, ಹಡಗಿನ ಹಲಗೆಗೆ.
ನಾವ್ಯಾರೂ ಸಮುದ್ರ ಕಂಡವರಲ್ಲ.
ಹತ್ತಿ ಬರುತ್ತಿದ್ದದ್ದು ಮೆಕ್ಕೆಜೋಳದ ಹಿಟ್ಟು, ಉಪ್ಪು,
ಯಜಮಾನ ಕ್ಲಿನಾರನ ಅಂಗಡಿಯ ಸಾಲದ ಲೆಕ್ಕ.
ಸಾವಿರವೆಂದರೆ ಅವನಿಗೆ ಸಾವಿರದ ನೂರು,
‘ಮುರಿದು ಹೋದದ್ದಕ್ಕೆ ನೂರು.’
ಒಂದೂ ಮುರಿಯುತ್ತಿರಲಿಲ್ಲ.

ಒಂದು ಚಳಿಗಾಲ ತಪ್ಪಲಿಗೆ ರೈಲು ಬಂತು,
ಅದರೊಳಗೆ ತಂತಿಯ ಮೊಳೆ, ಪೆಟ್ಟಿಗೆ ಪೆಟ್ಟಿಗೆ, ಒಂದರ ಹಾಗೇ ಇನ್ನೊಂದು.
ನೇಷ್ಕಾ ಒಂದನ್ನು ಹಲ್ಲಲ್ಲಿ ಕಚ್ಚಿ ನೋಡಿ
‘ತಲೆಯಿದೆ, ಮುಖ ಇಲ್ಲ’ ಅಂದು ಉಗುಳಿದಳಂತೆ.
ಉಗುಳಿದರೇನು, ಐದು ವರ್ಷಕ್ಕೆ ಚಕ್ರ ಮೂರಾದವು.
ಗಂಡಸರು ಕೆಳಗಿನ ಉಕ್ಕಿನ ಕಾರ್ಖಾನೆಗೆ ಹೋದರು,
ಇದ್ದಿಲು ಸುಡುತ್ತಿದ್ದ ಯೆರ್ನೆ ಒಬ್ಬ ಹೋಗಲಿಲ್ಲ,
ಅವನ ಕಥೆ ಬೇರೆ, ಇನ್ನೊಮ್ಮೆ ಹೇಳುತ್ತೇನೆ.

ಹೋದ ವರ್ಷ ಕುಲುಮೆಯ ನೆಲ ಅಗೆದಾಗ
ಅವಳ ಅಡೆಗಲ್ಲಿನ ಬುಡದಲ್ಲಿ ಒಂದು ಮಡಕೆ ಸಿಕ್ಕಿತು.
ಬಂಗಾರವೇ ಅಂದುಕೊಂಡೆವು, ಸುಳ್ಳೇಕೆ.
ತುಂಬ ಮೊಳೆ, ನೂರು ನೂರರ ಕಟ್ಟು, ನಾರಿನಿಂದ ಬಿಗಿದದ್ದು.
ಓದು ಬಾರದವಳು
ಕ್ಲಿನಾರನ ಕಣ್ಣೆದುರೇ ಎಣಿಕೆ ತಪ್ಪಿಸುವುದನ್ನು ಕಲಿತಿದ್ದಳು.

ಎಲ್ಲ ತುಕ್ಕು. ಒಂದನ್ನು ಉಜ್ಜಿ ಬಾಗಿಲ ಹಿಂದೆ ಹೊಡೆದೆ.
ನನ್ನ ಒದ್ದೆ ಕೋಟು ಅದರ ಮೇಲಿದೆ.
ಸ್ವಲ್ಪ ಸೊಟ್ಟ.
ಹಿಡಿದುಕೊಂಡಿದೆ.