ಏಳನೆಯವನು

ಮೊದಲ ಭಾಗಕ್ಕೆ ಇಪ್ಪತ್ತೆರಡು ಹೆಣ ಬೇಕಿತ್ತು.
ಪಾಂಡವಪುರದಾಚೆ ನಾಲೆ ಏರಿಯ ಮೇಲೆ
ಟೆಂಪೋ ನಿಲ್ಲಿಸಿ ಕೂಗಿದರೆ
ಸಂಜೆಯೊಳಗೆ ಮೂವತ್ತು ಜನ ಸಾಯಲು ತಯಾರು.
ದಿನಕ್ಕೆ ಆರುನೂರು, ಮಧ್ಯಾಹ್ನ ಬಾಡೂಟ,
ಏಳು ಅಂದಾಗ ಏಳಬೇಕು, ಅಷ್ಟೆ.

ನಾನು ಮೈಸೂರು ಮಂಡಿಮೊಹಲ್ಲದವನು,
ಬಣ್ಣದ ಪೆಟ್ಟಿಗೆ ಹೊರುವವನು.
ಬಾಟಲಿಯ ರಕ್ತ ಬರುವುದು ತಡವಾಯಿತೆಂದು
ಆಲೆಮನೆಯ ಜೋನಿಬೆಲ್ಲಕ್ಕೆ ಕುಂಕುಮ ಕಲಸಿದೆ.
ಅದೇ ಚೆನ್ನಾಗಿ ಬಂತು, ಗಟ್ಟಿಗೆ,
ದೀಪ ಬಿದ್ದರೆ ಮಿಣುಗುವ ಹಾಗೆ.
ಆದರೆ ಇರುವೆ.
ಕಬ್ಬಿನ ಗದ್ದೆಯಿಂದ ಸಾಲುಗಟ್ಟಿ ಬಂದು
ಕತ್ತು, ಕಂಕುಳು, ಕಿವಿಯ ಸಂದಿ!
ಡೈರೆಕ್ಟರು ಬಾಯಿ ತೆರೆಯುವ ಮೊದಲೇ
ಹೆಣಗಳೆಲ್ಲ ಪಂಚೆ ಕೊಡವುತ್ತ ಎದ್ದು ಕುಣಿದವು.
ಅಲುಗದೆ ಮಲಗಿದ್ದವನು ಒಬ್ಬನೇ,
ಏಳನೇ ಹೆಣ, ಜವರಾಯಿ.

ಹೆಸರು ಕೇಳಿ ಕ್ಯಾಮೆರಾದವನು ನಕ್ಕ.
‘ನನ್ಗಿಂತ ಮುಂಚೆ ಎರಡು ಕೂಸು ಹೋಗಿದ್ವಂತೆ ಸ್ವಾಮಿ,
ಜವರಾಯನ ಹೆಸ್ರೇ ಇಕ್ಕುದ್ರೆ
ತನ್ನೋನು ಅಂತ ಬುಟ್ಬುಡ್ತಾನೆ ಅಂತ ನಮ್ಮವ್ವ’
ಅಂದ, ತುಟಿಯ ಮೇಲಿನ ಇರುವೆಯನ್ನು ಉಗಿದು.
ಮತ್ತೆ ಸತ್ತ.

ಸಿನಿಮಾ ಮಂಡ್ಯದಲ್ಲಿ ನಾಲ್ಕು ವಾರ ಓಡಿತು.
ಅವನು ಮಣ್ಣು ಸೀಳಿಕೊಂಡು ಏಳುವಾಗ
ಊರಿನವರು ಸೀಟಿ ಹೊಡೆದರಂತೆ.

ಈಗ ಎರಡನೆಯದು. ಆದರೆ ಕತೆ ಹಿಂದಿನದು.
ಸತ್ತವರು ಸಾಯುವ ಮೊದಲು ಹೇಗಿದ್ದರು,
ಕಾಯಿಲೆ ಯಾವ ಬಾವಿಯಿಂದ ಹತ್ತಿತು, ಅದು.
ಆದ್ದರಿಂದ ಎಲ್ಲ ಹೆಣಗಳೂ ಬದುಕಿರಬೇಕು.
ಪಟ್ಟಿ ಹಿಡಿದು ಹೋದೆವು. ಇಪ್ಪತ್ತೊಂದು ಸಿಕ್ಕವು.
ಏಳನೆಯವನು ಹೋದ ಕಾರ್ತೀಕದಲ್ಲಿ
ಪಂಪ್‌ಸೆಟ್ಟಿನ ತಂತಿ ಹಿಡಿದು...
ಬುತ್ತಿ ಇನ್ನೂ ಬಿಚ್ಚಿರಲಿಲ್ಲವಂತೆ.

‘ತಮ್ಮ ಇದಾನಲ್ಲ’ ಅಂದ ಮ್ಯಾನೇಜರು.
ತಮ್ಮ ಕರಿಸಿದ್ದ. ಅದೇ ಗಲ್ಲ, ಅದೇ ವಾರೆ ನಡಿಗೆ.
ಹುಬ್ಬಿನ ಮೇಲೊಂದು ಮಚ್ಚೆ ಇಟ್ಟೆ,
ಕಿವಿಯ ಪಕ್ಕದ ಕೂದಲಿಗೆ ಚೂರು ಬೂದಿ.
ಸತ್ತ ಮುಖ ಸುಲಭ: ಅಕ್ಕಿಹಿಟ್ಟು, ಕಾಡಿಗೆ, ಕಣ್ಣಡಿಗೆ ನೀಲಿ.
ಬದುಕಿದ್ದ ಮುಖಕ್ಕೆ ಏನು ಹಚ್ಚುವುದೋ ತಿಳಿಯದೆ
ಬ್ರಷ್ಷು ಹಿಡಿದೇ ನಿಂತಿದ್ದೆ.

ಆಗ ಬಂದಳು ಸಣ್ಣತಾಯಿ,
ಗಂಡನ ಚೌಕಳಿ ಅಂಗಿಯನ್ನು ಮಡಿಸಿ ತಂದು.
ಮೈದುನನ ಮುಖವನ್ನು
ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡಿದಳು.
‘ಮಚ್ಚೆ ಎಡಕ್ಕಲ್ಲ, ಬಲಕ್ಕೆ.
ಕನ್ನಡೀಲಿ ನೋಡ್ದಂಗೆ ಬರ್ದಿದೀಯ.
ಗಲ್ಲದಡೀಲಿ ಸೋಗೆ ಕುಯ್ದಿರೋ ಗೆರೆ ಐತೆ,
ಅದ್ನ ಮರ್ತೇ ಬುಟ್ಟಿದೀಯ.’

ಶಾಟ್ ಇಷ್ಟೇ: ಕೊಪ್ಪರಿಗೆಯ ಮುಂದೆ
ಕಬ್ಬಿನ ಹಾಲು ಮಗುಚುತ್ತಿರುವವನು
ಯಾರೋ ಕರೆದಂತಾಗಿ ತಿರುಗಬೇಕು.
ಹಬೆಯೊಳಗಿಂದ ತಿರುಗಿದ.
ಐದು ಟೇಕ್. ಐದು ಸಲವೂ ತಿರುಗಿದ.
ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು
ಕ್ಯಾಮೆರಾದ ಹಿಂದೆ ನಿಂತಿದ್ದಳು.
ಕಾಲ ಮೇಲೆ ಇರುವೆ ಹತ್ತಿತ್ತು. ಕೊಡವಲಿಲ್ಲ.

‘ಇದ್ರಲ್ಲಿ ಸಾಯಲ್ವಾ?’
‘ಇಲ್ಲಮ್ಮ, ಇದು ಮುಂಚಿನ ಕತೆ.
ಇದ್ರಲ್ಲಿ ಯಾರೂ ಇನ್ನೂ ಸತ್ತಿಲ್ಲ.’
ತುಸು ಯೋಚಿಸಿದಳು.
‘ಕಾರ್ತೀಕಕ್ಕೆ ಎಷ್ಟು ಮುಂಚೆ?’
ನಾನು ಬ್ರಷ್ಷು ತೊಳೆಯುವ ನೆಪದಲ್ಲಿ
ನಾಲೆಗೆ ಇಳಿದೆ.

ಬದುಕಿದವರಿಗೆ ಈ ಸಲ ಎಂಟುನೂರು.
ವೋಚರಿನಲ್ಲಿ ಹಳೆ ಪಟ್ಟಿಯ ಹೆಸರೇ ಟೈಪಾಗಿತ್ತು.
ಕರಿಸಿದ್ದ ನನ್ನನ್ನು ನೋಡಿದ, ಅತ್ತಿಗೆಯನ್ನು ನೋಡಿದ.
‘ಒತ್ತು’ ಅಂದಳು.
ಬೆಲ್ಲ ಅಂಟಿದ ಹೆಬ್ಬೆಟ್ಟನ್ನು
ಜವರಾಯಿ ಎಂಬಲ್ಲಿ ಒತ್ತಿದ.
ದುಡ್ಡನ್ನು ಅವಳೇ ಎಣಿಸಿಕೊಂಡಳು, ಎರಡು ಸಲ.

ಆ ಚೀಟಿ ಹೇಗೋ ನನ್ನ ಪೆಟ್ಟಿಗೆಯಲ್ಲೇ ಉಳಿಯಿತು.
ಮ್ಯಾನೇಜರು ಎರಡು ಸಲ ಫೋನು ಮಾಡಿದ,
ಸಿಗಲಿಲ್ಲ ಅಂದೆ.
ನನ್ನದು ಮೂರನೇ ಮಹಡಿ, ಕೆಳಗೆ ಬರೀ ಗುಜರಿ ಅಂಗಡಿ,
ಗದ್ದೆಯಿಲ್ಲ, ಗಿಡವಿಲ್ಲ.
ಆದರೂ ಬೆಳಿಗ್ಗೆ ಎದ್ದು ನೋಡಿದರೆ
ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಪೆಟ್ಟಿಗೆಗೆ
ಒಂದು ಸಪೂರ ಸಾಲು.
ಒದ್ದೆ ಬಟ್ಟೆ ಹಿಡಿದು ಹೋದವನು
ಹಾಗೇ ಕೂತೆ.