ಎರಡನೆಯ ಸಂಪುಟ

ಒಂದನೆಯದು ಸಿಗಲೇ ಇಲ್ಲ.
ಚಿಯಾತುರಾದ ಹಳೇ ಸಾಮಾನಿನ ಗಾಡಿಯಲ್ಲಿ
ಹೊಲಿಗೆ ಯಂತ್ರದ ಚಕ್ರ, ಯಾರದೋ ಮದುವೆಯ ಲೋಟಗಳ ನಡುವೆ
ಇದೊಂದೇ ಬಿದ್ದಿತ್ತು. ಎಂಟುನೂರ ಹನ್ನೆರಡು ಪುಟ,
ರಟ್ಟಿನ ಮೇಲೆ ಚಹಾ ಲೋಟದ ಉಂಗುರ.
ಒಂದು ರೊಟ್ಟಿಯ ದುಡ್ಡು ಕೊಟ್ಟು ತಂದೆ.

ನನ್ನ ಕೆಲಸ ಕೇಬಲ್ ಕಾರಿನ ಬಾಗಿಲು
ಹಾಕುವುದು, ತೆಗೆಯುವುದು.
ಗಣಿಯ ಪಾಳಿ ಮೇಲೆ ಹೋಗುತ್ತದೆ, ಕಪ್ಪಾಗಿ ಇಳಿಯುತ್ತದೆ.
ನಡುವೆ ನಾಲ್ಕು ನಿಮಿಷ.
ನಾಲ್ಕು ನಿಮಿಷಕ್ಕೆ ಎರಡು ಪುಟ,
ಕದನವಿದ್ದರೆ ಮೂರು.

ಮೊದಲ ಸಾಲಿನಲ್ಲೇ ಯಾರೋ ಸತ್ತಿದ್ದಾನೆ.
ಎಲ್ಲರೂ ಅಳುತ್ತಿದ್ದಾರೆ, ಕುದುರೆ ಕೂಡ.
ಯಾರೆಂದು ನನಗೇನು ಗೊತ್ತು? ಒಂದನೆಯದರಲ್ಲಿ ಬದುಕಿದ್ದವನು.
ಗುರುತಿಲ್ಲದ ಮನೆಯ ಸಾವಿಗೆ ಹೋದವಳ ಹಾಗೆ
ಬಾಗಿಲಲ್ಲೇ ನಿಂತೆ,
ಒದ್ದೆ ಕೊಡೆ ಎಲ್ಲಿಡಬೇಕೆಂದು ತಿಳಿಯದೆ.

ನಕ್ಷೆ ಇದೆ, ಅರ್ಧ.
ಉತ್ತರವನ್ನು ಯಾರೋ ಹರಿದುಕೊಂಡಿದ್ದಾರೆ,
ಫೋನ್ ನಂಬರು ಬರೆದುಕೊಳ್ಳಲಿಕ್ಕೋ ಏನೋ.
ದಂಡು ಉತ್ತರಕ್ಕೆ ಹೊರಟಾಗಲೆಲ್ಲ
ನನ್ನ ಬೆರಳು ಕಾಗದದ ಅಂಚಿನಿಂದ ಜಾರಿ
ಮೊಣಕಾಲಿನ ಮೇಲೆ ಬೀಳುತ್ತದೆ.

ಆ ಲೋಕದಲ್ಲಿ ಪ್ರತಿ ಕತ್ತಿಗೂ ಹೆಸರು,
ಕತ್ತಿಯನ್ನು ತಟ್ಟಿದ ಸುತ್ತಿಗೆಗೂ ಹೆಸರು.
ರಾಜರ ವಂಶಾವಳಿ ಹನ್ನೊಂದು ಪುಟ.
ಹಾರಿಸಿದೆ, ಸುಳ್ಳೇಕೆ ಹೇಳಲಿ.
ನಾನೂರ ಹದಿನೇಳನೆಯ ಪುಟದಲ್ಲಿ ಮಾತ್ರ,
ದಂಡು ಹಿಮದಲ್ಲಿ ತಂಗಿದ ರಾತ್ರಿ,
ಒಬ್ಬ ಹೆಂಗಸು ಗಾಯದ ಬಟ್ಟೆಗಳನ್ನು ಒಗೆಯುತ್ತಿದ್ದಳು
ಅಂತ ಒಂದು ಸಾಲು.
ಅಷ್ಟೇ. ಮುಂದಿನ ಸಾಲಿಗೆ ಡ್ರ್ಯಾಗನ್ ಬಂತು.

ನಾನು ಅವಳ ಹತ್ತಿರವೇ ಉಳಿದೆ.
ಅಷ್ಟು ಹಿಮದಲ್ಲಿ ನೀರು ಎಲ್ಲಿಂದ ತಂದಳು? ಕಾಯಿಸಿದಳಾ?
ರಕ್ತದ ಕಲೆ ಬಿಸಿನೀರಿಗೆ ಕಚ್ಚಿಕೊಳ್ಳುತ್ತದೆ, ತಣ್ಣೀರೇ ಆಗಬೇಕು.
ಬರೆದವರಿಗೆ ಇದು ಗೊತ್ತಿತ್ತಾ?
ಝುಂಬೇರನ ಅಂಗಿಗಳನ್ನು ಇಪ್ಪತ್ತು ವರ್ಷ ಒಗೆದೆ.
ಮ್ಯಾಂಗನೀಸಿನ ಮಸಿ
ಬಿಸಿಗೂ ಜಗ್ಗುವುದಿಲ್ಲ, ತಣ್ಣಗಿನದಕ್ಕೂ ಇಲ್ಲ.
ಕೊನೆಯದನ್ನು ಒಗೆಯಲಿಲ್ಲ.

ಡ್ರ್ಯಾಗನ್ನಿನ ಮಾತೂ ಹೇಳಬೇಕು. ಚೆನ್ನಾಗಿದೆ.
ಮುದಿಯದು, ಬೆಟ್ಟದ ಹೊಟ್ಟೆಯಲ್ಲಿ ಮಲಗಿ ಕೆಮ್ಮುತ್ತದೆ.
ಅಲ್ಲಿಯವರು ಯಾರೂ ನಂಬುವುದಿಲ್ಲ, ನಾನು ನಂಬಿದೆ.
ನಮ್ಮ ಬೆಟ್ಟದೊಳಗೆ ಕೆಮ್ಮುವುದನ್ನು
ಈ ಊರೆಲ್ಲ ಕೇಳಿಸಿಕೊಂಡೇ ಮಲಗುತ್ತದೆ.
ಆದರೆ ಅದು ಬಾಯಿ ತೆರೆದು ಮಾತಾಡತೊಡಗಿತಲ್ಲ,
ಹಳೇ ಕಾಲದ ಪಾರ್ಟಿ ಕಾರ್ಯದರ್ಶಿಯ ಹಾಗೆ ಆರು ಪುಟ,
ಒಂದು ಗುಟುಕು ನೀರು ಕುಡಿಯದೆ,
ಆಗ ಬೇಜಾರಾಯಿತು.

ಮೊನ್ನೆ ಗುರುವಾರ ಕರೆಂಟು ಹೋಯಿತು.
ಡಬ್ಬಿ ಅರ್ಧದಾರಿಯಲ್ಲಿ ನಿಂತಿತು, ಕೆಳಗೆ ಕ್ವಿರಿಲಾ ಹೊಳೆ.
ಒಳಗೆ ನಾನು, ಒಂದು ಚೀಲ ಜೋಳದ ಹಿಟ್ಟು,
ಶಾಲೆ ಬಿಟ್ಟು ಬರುತ್ತಿದ್ದ ಬೆಸಿಕ್.
ಪುಸ್ತಕ ನೋಡಿದ್ದೇ ಹುಡುಗನ ಮುಖ ಅರಳಿತು.
ಲಮಾರಾ ಅತ್ತೆ, ನಾನು ಮೂರೂ ಓದಿದ್ದೇನೆ!
ಕೊನೆಗೆ ಏನಾಗುತ್ತದೆ ಗೊತ್ತಾ...
ಬೇಡ ಅಂದೆ. ಒಂದೇ ಕೇಳಿದೆ:
ಬಟ್ಟೆ ಒಗೆಯುವ ಹೆಂಗಸು ಮತ್ತೆ ಬರುತ್ತಾಳಾ?

ಯೋಚಿಸಿದ. ನಿಜಕ್ಕೂ ಯೋಚಿಸಿದ, ತುಟಿ ಕಚ್ಚಿಕೊಂಡು.
ಗಾಳಿ ನಮ್ಮಿಬ್ಬರನ್ನೂ ತೂಗುತ್ತಿತ್ತು.
ಯಾವ ಹೆಂಗಸು?

ಪುಟ ತೆಗೆದು ತೋರಿಸಿದೆ.
ಎರಡು ಸಲ ಓದಿದ. ಕಿವಿ ಕೆಂಪಾಯಿತು.
ಅವಳಿಗೆ ಹೆಸರಿಲ್ಲವಲ್ಲ, ಅಂದ,
ಯಾರೋ ಅವನ ಜೇಬಿನಿಂದಲೇ ಕದ್ದ ಹಾಗೆ.
ಆಮೇಲೆ ಹೆಸರು ಹುಡುಕುತ್ತ ಕೂತೆವು.
ಅವನು ಹೇಳಿದ್ದೆಲ್ಲ ರಾಣಿಯರ ಹೆಸರು, ಉದ್ದುದ್ದ,
ಚಳಿಯಲ್ಲಿ ಕೂಗಿ ಕರೆಯಲಾಗದಂಥವು.
ನಾನು ಒಂದನ್ನೂ ಒಪ್ಪಲಿಲ್ಲ.
ಅಷ್ಟರಲ್ಲಿ ಚಕ್ರ ಕಿರುಗುಟ್ಟಿತು, ದೀಪ ಬಂತು,
ನಾನು ಎದ್ದು ಬಾಗಿಲು ತೆಗೆಯಬೇಕಾಯಿತು.

ಇನ್ನೂ ಮುನ್ನೂರು ಚಿಲ್ಲರೆ ಪುಟಗಳಿವೆ.
ಮುಂದೆ ದೊಡ್ಡ ಮುತ್ತಿಗೆ ಇದೆಯಂತೆ,
ಇಳಿಯುವಾಗ ತಡೆಯಲಾರದೆ ಅಷ್ಟು ಹೇಳಿಬಿಟ್ಟ.
ಬಟ್ಟೆ ಬಹಳ ಬೇಕಾಗುತ್ತದೆ.