ಇತರೆ

ತಿಂಗಳ ಕೊನೆಗೆ ಹೆಲ್ಯೆ ರೊಟ್ಟಿ ಕೊಯ್ಯುತ್ತಾಳೆ.
ರೊಟ್ಟಿಯಲ್ಲ, ಪರದೆಯ ಮೇಲಿನ ದುಂಡು ಚಿತ್ರ:
ನೀಲಿಗೆ ಅರ್ಧಕ್ಕಿಂತ ಹೆಚ್ಚು, ಬೆಳ್ಳಿಗೆ ಒಂದು ಪಾಲು,
ಉಳಿದ ಸಂದಿಯಲ್ಲಿ ಬೂದು ಬಣ್ಣದ್ದೊಂದು ಎಳೆ.
ನೂರಕ್ಕೆ ನಾಲ್ಕು ಚಿಲ್ಲರೆ.
ಹೆಸರು ಬರೆಯಲು ಜಾಗ ಸಾಲದೆ
ಎಷ್ಟೋ ವರ್ಷ ಅವಳೇ ಅದನ್ನು
'ಇತರೆ' ಎಂದು ಬರೆದದ್ದುಂಟು.

ತಾರ್ತು ಪಟ್ಟಣ, ಫೆಬ್ರವರಿ, ನಾಲ್ಕನೇ ಮಹಡಿ.
ಕಿಟಕಿಯಾಚೆ, ತಾಯಿಹೊಳೆ ಎಂದು ಅಲ್ಲಿಯವರು ಕರೆಯುವ ನದಿ
ಕಲ್ಲಾಗಿ ಮಲಗಿದೆ.
ಮೇಲೊಬ್ಬ ಮುದುಕ ತೂತು ಕೊರೆದು ಕೂತಿದ್ದಾನೆ;
ಅವನ ಮೀನನ್ನು ಯಾವ ಮಾರುಕಟ್ಟೆಯೂ ಎಣಿಸುವುದಿಲ್ಲ.

ಅವಳ ಕೆಲಸ ಇಷ್ಟೆ:
ಅಂಗಡಿಯ ಪುಟ, ಹವಾಮಾನದ ಪುಟ, ಜಾತಕದ ಪುಟ,
ಯಾರು ಬಾಗಿಲು ತಟ್ಟಿದರೂ ಯಾವ ಊರು, ಯಾವ ಯಂತ್ರ ಎಂದು ಕೇಳಿ
ಹೇಳಿದ್ದನ್ನು ನಂಬಿ ಒಂದು ಗೀಟು ಎಳೆಯುವುದು.
ತಟ್ಟದೆ ಹೋದವರ ಲೆಕ್ಕ
ಯಾವ ಕಡತದಲ್ಲೂ ಇಲ್ಲ.

ಈ ಸಲ ಎಳೆ ದಪ್ಪಗಾಗಿತ್ತು.
ಹೀಯುಮಾ ದ್ವೀಪವೊಂದರಲ್ಲೇ ನೂರಕ್ಕೆ ಮೂವತ್ತು!
ಉರ್ಮಾಸ್ ಕಾಫಿ ಚೆಲ್ಲಿಕೊಂಡು ಓಡಿ ಬಂದ:
"ಲಿನಕ್ಸ್ ಗೆದ್ದಿತು ನೋಡು, ತಲೆಬರಹ ಬರೆಯಲೇ?"
ಅವನಿಗೆ ಇಪ್ಪತ್ತಾರು. ಮುಂದಿನ ವರ್ಷ ನಮ್ಮದೇ ಎಂದು
ಪ್ರತಿ ವರ್ಷ ಹೇಳುವವರ ಪೈಕಿ.
ಹೆಲ್ಯೆ ಕನ್ನಡಕ ಏರಿಸಿ ಸಾಲು ಸಾಲು ಬಗೆದಳು.
ಒಂದೇ ವಿಳಾಸ. ಒಂದೇ ರಾತ್ರಿ. ಹನ್ನೊಂದು ಸಾವಿರ ಸಲ.
ಫೋನು ಮಾಡಿದರೆ ಮೀನುಗಾರರ ಸಂಘದ ಲೈನಾ ಎಂಬಾಕೆ ಎತ್ತಿದಳು:
"ಓ, ಅದಾ? ಕಡಲ ಮಂಜುಗಡ್ಡೆಯ ದಪ್ಪ ಅಳೆಯೋ ಡಬ್ಬಿ.
ಮೇಲೆ ಕಾರು ಓಡಿಸಬಹುದೋ ಇಲ್ಲವೋ ಅಂತ
ಉಸಿರಿಗೊಂದು ಸಲ ಹವಾಮಾನದ ಪುಟ ಕೇಳುತ್ತೆ.
ಯಾಕೆ, ಕೆಟ್ಟಿದೆಯಾ?"
"ಇಲ್ಲ, ಚೆನ್ನಾಗಿದೆ," ಎಂದಳು ಹೆಲ್ಯೆ.
ಮನುಷ್ಯನಲ್ಲ ಎಂದು ಷರಾ ಬರೆದು ಹೊಡೆದುಹಾಕಿದಳು.
ಎಳೆ ಮತ್ತೆ ಎಳೆಯಾಯಿತು.

ಆಟಕ್ಕುಂಟು, ಲೆಕ್ಕಕ್ಕಿಲ್ಲ:
ಬಸ್ಸಿನ ಚೀಟಿಯ ಯಂತ್ರ, ಮನೆ ಬೆಚ್ಚಗಿಡುವ ಮೀಟರು,
ಉರ್ಮಾಸನ ಜೇಬಿನ ಫೋನಿನ ತಿರುಳು,
ಅಷ್ಟೇಕೆ, ನೆಲಮಾಳಿಗೆಯಲ್ಲಿ ಗುಂಯ್‌ಗುಡುತ್ತ
ಈ ಗೀಟುಗಳನ್ನೆಲ್ಲ ಕೂಡಿಸುವ ಪೆಟ್ಟಿಗೆಯೂ,
ಹೊಳೆ ದಾಟಿ ತಲೆ ಎಣಿಸಿ ತನ್ನನ್ನೇ ಬಿಟ್ಟವನ ಹಾಗೆ.

ಇನ್ನೊಂದು ಗುಟ್ಟು ಉರ್ಮಾಸನಿಗೂ ಗೊತ್ತಿಲ್ಲ.
ಮನೆಯಲ್ಲಿ ಅವಳದೊಂದು ಹಳೇ ಲ್ಯಾಪ್‌ಟಾಪು,
ಮುರಿದ ಕೀಲಿಗೆ ಕರೆಂಟಿನ ಟೇಪು,
ಒಳಗೆ ಹದಿನಾಲ್ಕು ವರ್ಷದಿಂದ ಅದೇ.
ಬ್ಯಾಂಕು ಮಾತ್ರ ಹೊಸ್ತಿಲಲ್ಲೇ ತಡೆಯುತ್ತದೆ:
ನಿಮ್ಮ ಯಂತ್ರಕ್ಕೆ ಇಲ್ಲಿ ಪ್ರವೇಶವಿಲ್ಲ.
ಹಾಗಾಗಿ ಬ್ರೌಸರಿಗೆ ಒಂದು ಸುಳ್ಳು ಕಲಿಸಿಟ್ಟಿದ್ದಾಳೆ;
ಕೇಳಿದವರಿಗೆಲ್ಲ ಅದು ನೀಲಿಯ ಹೆಸರು ಹೇಳುತ್ತದೆ.
ಹದಿನಾಲ್ಕು ವರ್ಷದಿಂದ ಅವಳು
ತಾನೇ ಬರೆದ ಚಿತ್ರದಲ್ಲಿ ನೀಲಿ.

ಆ ರಾತ್ರಿ ಸುಳ್ಳನ್ನು ಬಿಚ್ಚಿಟ್ಟಳು.
ಹವಾಮಾನ ನೋಡಿದಳು, ನಂಬಿಕೆಯಿಲ್ಲದ ಜಾತಕ ನೋಡಿದಳು,
ಒಂದು ಜೊತೆ ಉಣ್ಣೆ ಕಾಲುಚೀಲದ ಬೆಲೆ ಕೇಳಿ ಬಂದಳು.
ಬೆಳಿಗ್ಗೆ ಚಿತ್ರ ತೆರೆದರೆ
ಬಿಂದುವಿನಾಚೆ ಒಂದೇ ಅಂಕಿ, ಕಚೇರಿಯ ಪದ್ಧತಿ;
ಒಬ್ಬ ಹೆಂಗಸಿಗೆಲ್ಲ ಅದು ಕದಲುವುದಿಲ್ಲ.
ಬಾಡಿಗೆ ಕಟ್ಟುವ ದಿನ ಬಂತು.
ಸುಳ್ಳನ್ನು ಮತ್ತೆ ತೊಡಿಸಿದಳು.

ಮೊನ್ನೆ ಇಳಿಯುವಾಗ ಲಿಫ್ಟಿನ ಜಾಹೀರಾತಿನ ಪರದೆ ಆರಿತ್ತು.
ಕಪ್ಪು. ಆಮೇಲೆ ಮೂಲೆಯಲ್ಲೊಂದು ಪೆಂಗ್ವಿನ್,
ಅದರ ಕೆಳಗೆ ಬಿಳಿ ಅಕ್ಷರಗಳು ಸಾಲುಗಟ್ಟಿ ಸುರಿಯತೊಡಗಿದವು.
ಮೂರನೇ ಮಹಡಿಯ ದಂತವೈದ್ಯರಲ್ಲಿಗೆ ಬಂದಿದ್ದ ಹುಡುಗ
ಊದಿದ ಗಲ್ಲ ಹಿಡಿದುಕೊಂಡೇ ಕೇಳಿದ:
"ಕೆಟ್ಟೋಯ್ತಾ?"
ಹೆಲ್ಯೆ ಚೀಲದಿಂದ ಕನ್ನಡಕ ತೆಗೆದಳು.
"ತಡಿ, ಏಳ್ತಾ ಇದೆ."